ಅಕ್ಕನ ಮ್ಯಾಚಿಂಗ್ ಬ್ಲೌಸ್ ಪೀಸು

ಯಾರಾದರೂ ಒಳ್ಳೆಯ ವಸ್ತು ಕೊಟ್ಟರೆ ಬಳಸದೆ ಎತ್ತಿಡುವ ವಂಶದಲ್ಲಿ ಹುಟ್ಟಿದವನು ನಾನು. ಮದುವೆಗೆ ಬಂದ ಟೀ ಸೆಟ್ಟು ಜೋಗುಪಾಳ್ಯದ ನಮ್ಮ ಮನೆಯ ಷೋಕೇಸಿನಲ್ಲಿ ಇವತ್ತಿಗೂ ಒಂದು ತೊಟ್ಟು ಟೀ ಕಂಡಿಲ್ಲ. ಮಾವ ಕೊಟ್ಟ ಸೂಟು ನನಗೆ ಬಿಗಿಯಾಗುವವರೆಗೂ ಬೀರುವಿನಲ್ಲೇ ಇತ್ತು. ಇಂಥವನಿಗೆ ಒಡಹುಟ್ಟಿದ ಅಕ್ಕ ತನ್ನ ಕಿಡ್ನಿಯನ್ನೇ ಕೊಟ್ಟರೆ ಏನು ಮಾಡಿಯಾನು? ಅದನ್ನೂ ಜೋಪಾನ ಮಾಡಿದೆ. ಡಾಕ್ಟರು ಅದನ್ನು ಹೊಟ್ಟೆಯ ಬಲಗಡೆ ಕೂರಿಸಿದರು, ನಾನು ಅದರ ಮೇಲೊಂದು ಕೈ ಇಟ್ಟುಕೊಂಡು ಕುರ್ಚಿಯಲ್ಲಿ ಕೂತೆ.

ಆಗ ನನಗೆ ಅರವತ್ತಮೂರು. ಕೆಲವು ತಿಂಗಳಾದ ಮೇಲೆ ಡಾಕ್ಟರು, ಗಾಯ ಚೆನ್ನಾಗಿ ಮಾಗಿದೆ, ಇನ್ನು ದಿನಾ ಅರ್ಧ ಗಂಟೆ ನಡೆಯಿರಿ, ಇಲ್ಲದಿದ್ದರೆ ಈ ಮಾತ್ರೆಗಳಿಗೆ ತೂಕ, ಶುಗರ್ ಎರಡೂ ಏರುತ್ತವೆ, ಭಾರ ಮಾತ್ರ ಎತ್ತಬೇಡಿ ಎಂದರು. ಇಷ್ಟರಲ್ಲಿ ನನ್ನ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ. ನೀರಿನ ಲೋಟ ಎತ್ತುವಾಗಲೂ ಹೆಂಡತಿ ಸರೋಜಳ ಮುಖ ನೋಡತೊಡಗಿದೆ. ನಡೆದರೆ ಕುಲುಕುತ್ತದೆ, ಕುಲುಕಿದರೆ ಹೊಲಿಗೆ ಬಿಚ್ಚುತ್ತದೆ ಎಂಬುದು ನನ್ನ ಸ್ವಂತ ವೈದ್ಯಶಾಸ್ತ್ರ. ಸರೋಜ ಬೈದು ಹಲಸೂರು ಕೆರೆಯ ಕಡೆ ಅಟ್ಟಿದಳು. ಅರ್ಧ ಗಂಟೆ ಬೆಂಚಿನ ಮೇಲೆ ಕೂತು, ನಮ್ಮ ಬೀದಿಯ ತಿರುವಿನಿಂದ ಮನೆಯವರೆಗೆ ಮಾತ್ರ ಏದುಸಿರು ಬಿಡುತ್ತಾ ಬಂದೆ. ಕೊತ್ತಂಬರಿ ತನ್ನಿ ಎಂದಳು. ಫೋನಿನಲ್ಲಿ ತರಿಸಿದೆ. ನನ್ನ ಶುಗರ್ ಏರಿತು, ಅವಳ ಬಿಪಿಯೂ ಏರಿತು.

ಅಕ್ಕ ಇರುವುದು ಕೆ.ಆರ್. ಪುರದಲ್ಲಿ. ನನಗಿಂತ ಮೂರು ವರ್ಷ ದೊಡ್ಡವಳು. ಉಳಿದ ಒಂದೇ ಕಿಡ್ನಿಯಲ್ಲಿ ಊರವರ ಮದುವೆ ಮುಂಜಿಯನ್ನೆಲ್ಲ ಸುತ್ತಿ ಬರುವವಳು. ಅಂಥವಳು ಒಂದು ಮಂಗಳವಾರ ಫೋನ್ ಮಾಡಿ, ನಾದಿನಿ ಮಗಳ ಮದುವೆಗೆ ತೆಗೆದ ನವಿಲುಬಣ್ಣದ ಸೀರೆಗೆ ಬ್ಲೌಸ್ ಪೀಸ್ ಸಿಗುತ್ತಿಲ್ಲ, ಕಮರ್ಷಿಯಲ್ ಸ್ಟ್ರೀಟಿಗೆ ಹೋಗಬೇಕು, ಈಚೆಗೆ ಒಬ್ಬಳೇ ಹೋದರೆ ಒಂಥರಾ ತಲೆ ಸುತ್ತುತ್ತದೆ ಎಂದಳು. ತನ್ನದನ್ನು ನನಗೆ ಕೊಟ್ಟು ಇವಳೆಲ್ಲಾದರೂ ಬಿದ್ದುಬಿಟ್ಟರೆ? ಸೋಂಕಿನ ಭಯಕ್ಕೆ, ಜನ ಸೇರುವ ಮೊದಲೇ ಮುಗಿಸೋಣವೆಂದು ಮಾಸ್ಕ್ ಹಾಕಿಕೊಂಡು ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೇ ಹೋದೆವು.

ಬ್ಲೌಸ್ ಪೀಸ್ ಮ್ಯಾಚ್ ಮಾಡುವುದು ಗಂಡಸರಿಗೆ ಒಲಿಯುವ ವಿದ್ಯೆಯಲ್ಲ. ಅಂಗಡಿಯ ದೀಪವನ್ನು ನಂಬುವಂತಿಲ್ಲ, ಬಟ್ಟೆಯನ್ನು ಹೊರಗೆ ತಂದು ಬಿಸಿಲಿಗೆ ಹಿಡಿಯಬೇಕು. ನನ್ನ ಕಣ್ಣಿಗೆ ಎಲ್ಲವೂ ನವಿಲೇ. ಅಕ್ಕನಿಗೆ ಮಾತ್ರ ಒಂದರಲ್ಲಿ ಹಸಿರು ಜಾಸ್ತಿ, ಇನ್ನೊಂದರಲ್ಲಿ ನೀಲಿ ಜಾಸ್ತಿ. ಹೀಗೆ ಬೀದಿಯ ಆ ತುದಿಯಿಂದ ಈ ತುದಿ, ಅಲ್ಲಿಂದ ಶಿವಾಜಿನಗರದ ಗಲ್ಲಿಗಳು. ಅವಳು ಬಿದ್ದರೆ ಹಿಡಿಯೋಣವೆಂದು ಎರಡೂ ಕೈ ಸಿದ್ಧವಾಗಿಟ್ಟುಕೊಂಡು ಹಿಂದೆಯೇ ನಡೆದೆ. ಹೊಟ್ಟೆ ಹಿಡಿದುಕೊಳ್ಳಲು ಪುರಸೊತ್ತೇ ಇರಲಿಲ್ಲ. ಆ ದಿನ ಬಣ್ಣ ಸಿಗಲಿಲ್ಲ. ಮರುವಾರವೂ ಸಿಗಲಿಲ್ಲ. ಆಮೇಲೆ ಮಂಗಳವಾರದ ಜೊತೆ ಶುಕ್ರವಾರವೂ ಸೇರಿಕೊಂಡಿತು. ಈ ನಡುವೆ ನನ್ನ ಶುಗರ್ ಇಳಿದದ್ದು ಸರೋಜಳ ಪಥ್ಯದ ಮಹಿಮೆ ಎಂದುಕೊಂಡಿದ್ದೆ.

ಆರನೆಯ ವಾರ ಒಂದು ಅಂಗಡಿಯಲ್ಲಿ ಬಿಳಿಗಡ್ಡದ ಸಾಹೇಬರು ಅಕ್ಕನನ್ನು ಗುರುತು ಹಿಡಿದರು. "ಏನಮ್ಮಾ, ಹೋದ ತಿಂಗ್ಳೇ ಈ ಸೀರೆಗೆ ಇದೇ ಬಟ್ಟೆ ಥಾನಲ್ಲಿ ಕಟ್ ಮಾಡಿ ಕೊಟ್ಟಿದ್ದೀನಲ್ಲ, ಟೈಲರ್ ಕೆಡಿಸ್ಬಿಟ್ನಾ?" ಎಂದು ಕೇಳಿದರು. ಅಕ್ಕ ಸೀರೆಯನ್ನು ಮಡಿಸಿ ಚೀಲಕ್ಕೆ ತುರುಕಿ ಹೊರಗೆ ನಡೆದಳು.

ನನಗೆ ಸಿಟ್ಟು ನೆತ್ತಿಗೇರಿತು. ತಲೆ ಸುತ್ತುತ್ತೆ ಅಂದದ್ದೂ ಸುಳ್ಳೇ ಎಂದು ನಡುಬೀದಿಯಲ್ಲೇ ಕೇಳಿದೆ.

"ಸುಳ್ಳೇ ಕಣೋ," ಎಂದಳು ಅಕ್ಕ. "ಬಂದಾಗೆಲ್ಲ ನೀನು ಹೊಟ್ಟೆ ಹಿಡ್ಕೊಂಡು ಕೂತಿರ್ತೀಯ. ನೋಡ್ದಾಗೆಲ್ಲ ನಂಗೆ ಸಂಕಟ. ನಾನು ಕೊಟ್ಟಿದ್ದೇ ಸರಿಯಿಲ್ವೇನೋ, ಮುದುಕಿ ಕಿಡ್ನಿ ಕೊಟ್ಟು ನಿನ್ನ ಕೂರಿಸ್ಬಿಟ್ನೇನೋ ಅಂತ."

ಅವಳ ಕಣ್ಣಲ್ಲಿ ನೀರಿತ್ತು. ನನಗೆ ತಲೆ ತಗ್ಗಿಸುವಂತಾಯಿತು. ನಿನ್ನ ಋಣ ಏಳು ಜನ್ಮಕ್ಕೂ ತೀರದು ಎಂದು ಅವಳಿಗೆ ಎಷ್ಟು ಸಲ ಹೇಳಿದ್ದೆನೋ ಲೆಕ್ಕವಿಲ್ಲ, ನೀನು ಕೊಟ್ಟ ಕಿಡ್ನಿ ಚೆನ್ನಾಗಿದೆ ಎಂದು ಮಾತ್ರ ಒಂದು ಸಲವೂ ಹೇಳಿರಲಿಲ್ಲ.

"ಚೆನ್ನಾಗಿದೆ ಅಕ್ಕ," ಎಂದೆ. "ನಂದಕ್ಕಿಂತ ಚೆನ್ನಾಗಿದೆ." ನಂಬಿಸಲೆಂದು ಮೆಟ್ರೋ ಸ್ಟೇಷನ್ನಿನವರೆಗೂ ಅವಳ ಮುಂದೆ ದಾಪುಗಾಲು ಹಾಕಿ ನಡೆದೆ.

ಈಗ ನಾನೇ ದಿನಾ ಕೆರೆಯ ಕಡೆ ನಡೆದು ಬರುತ್ತೇನೆ. ಬೆಂಚಿನ ಮೇಲೆ ಕೂತವರನ್ನು ಕಂಡರೆ ಉಪದೇಶ ಮಾಡುವಷ್ಟು ಕೆಟ್ಟಿದ್ದೇನೆ. ನಾದಿನಿ ಮಗಳ ಮದುವೆ ಮುಗಿಯಿತು. ಮುಂದಿನ ಮಂಗಳವಾರ ಅಕ್ಕನ ಫೋನ್ ಬರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹತ್ತು ಗಂಟೆಯವರೆಗೆ ಕಾದು, ಕೊನೆಗೆ ನಾನೇ ಮಾಡಿ, ಬೇರೆ ಯಾವ ಸೀರೆಗಾದರೂ ಬ್ಲೌಸ್ ಪೀಸ್ ಬೇಕಿತ್ತಾ ಎಂದು ಕೇಳಿದೆ. ಎಲ್ಲಕ್ಕೂ ಇದೆ ಕಣೋ ಎಂದಳು. ನಾನು ಬಿಡಲಿಲ್ಲ. ಆ ನವಿಲುಬಣ್ಣದ ಬ್ಲೌಸನ್ನು ಮದುವೆಮನೆಯ ಬಿಸಿಲಲ್ಲಿ ನೋಡಿದೆ, ನನಗೇಕೋ ಹಸಿರು ಸ್ವಲ್ಪ ಜಾಸ್ತಿ ಅನ್ನಿಸಿತು ಎಂದೆ.