ಎತ್ವದ ವರ್ಗಾವಣೆ

ನಮ್ಮ ಊರಿನ ಕೊಳವನ್ನು ಉಳಿಸುವ ಆಂದೋಲನವು ಸಂಪೂರ್ಣ ಯಶಸ್ವಿಯಾಗಿದ್ದು, ಕೊಳವು ಈಗ ಇರುವುದಿಲ್ಲವೆಂದು ಈ ಮೂಲಕ ಸಾರ್ವಜನಿಕರ ಗಮನಕ್ಕೆ ತರಲಾಗಿದೆ.

ಈ ಯಶಸ್ಸಿನಲ್ಲಿ ನನ್ನದೂ ಒಂದು ಕೈ ಇದೆ. ಕುಂಚ ಹಿಡಿದ ಕೈ. ಒಂದೂರಲ್ಲಿ ನಿಂತು ಗೊತ್ತಿಲ್ಲದ ನನಗೆ ಬೋರ್ಡು ಬರೆಯುವುದು ಹೇಳಿ ಮಾಡಿಸಿದ ಕಸುಬು. ತಪ್ಪು ಜನರ ಕಣ್ಣಿಗೆ ಬೀಳುವಷ್ಟರಲ್ಲಿ ನಾನು ಮುಂದಿನ ಊರಲ್ಲಿರುತ್ತೇನೆ. ಶಾಲೆಯಲ್ಲಿ ಕಾಗುಣಿತ ಶುರುವಾದ ವಾರವೇ ನಾನು ಶಾಲೆ ಬಿಟ್ಟವನು. ಈ ಸಲ ಮಾತ್ರ ಅಕ್ಕನ ಮನೆಯಲ್ಲಿ ಸಿಕ್ಕಿಬಿದ್ದೆ.

ಅಕ್ಕ ಕೊಳದ ದಂಡೆಯಲ್ಲಿ ಊರವರ ಬಟ್ಟೆ ಒಗೆದು ಬದುಕುವವಳು. ಬಣ್ಣದ ಕಾರ್ಖಾನೆಯ ಕೊಳವೆ ಬಂದು ಕೊಳಕ್ಕೆ ಬಾಯಿಟ್ಟ ಮೇಲೆ, ಬಿಳಿ ಹಾಸು ಮುಳುಗಿಸಿದರೆ ನೇರಳೆ ಹಾಸು ಮೇಲೆ ಬರುತ್ತಿತ್ತು. ಗಿರಾಕಿಗಳು ಒಬ್ಬೊಬ್ಬರೇ ಜಾರಿಕೊಂಡರು.

"ಕೊಳ ಸರಿಹೋಗ್ದಿದ್ರೆ ನಾನು ಗಂಟುಮೂಟೆ ಕಟ್ಟಬೇಕು ಕಣೋ. ಊರೂರು ಅಲೆಯೋಕೆ ನಮ್ಮನೆಗೆ ನೀನೊಬ್ಬ ಸಾಕು," ಎಂದಳು.

ಅವಳು ಮನೆಮನೆ ಸುತ್ತಿ ಜನ ಸೇರಿಸಿದ್ದಕ್ಕೆ ಕೊಳ ಸಂರಕ್ಷಣಾ ಸಮಿತಿ ಹುಟ್ಟಿತು. ಕೊಳದ ಜೊತೆ ನಿತ್ಯ ಸಂಪರ್ಕ ಇರುವವರೇ ಆಗಬೇಕೆಂದು ಕಾರ್ಖಾನೆಯ ಮಾಲೀಕರನ್ನು ಅಧ್ಯಕ್ಷರನ್ನಾಗಿ ಆರಿಸಲಾಯಿತು. ಅವರ ಗುಮಾಸ್ತ ಕಾರ್ಯದರ್ಶಿಯಾದ. ಕುಂಚ ಹಿಡಿದು ನಾನು ಏಣಿಯ ಮೇಲಿದ್ದಾಗ ಅವನು ಫೋನಿನಲ್ಲಿ ಘೋಷಣೆ ಹೇಳಿದ: "ಕೊಳೆ ತೆಗೆಯಿರಿ, ಕೊಳ ಉಳಿಸಿರಿ."

ಫೋನು ಗರಗರ ಎನ್ನುತ್ತಿತ್ತು. ನನಗೆ ಕೊಳವೂ ಕೊಳೆಯೂ ಒಂದೇ ಥರ ಕೇಳಿಸಿದವು.

"ಎತ್ವ ಯಾವುದಕ್ಕೆ ಸಾರ್?"

"ಒಂದಕ್ಕೆ ಮಾತ್ರ ಕಣಯ್ಯ."

"ಯಾವ ಒಂದಕ್ಕೆ?"

"ಯಾವುದು ಗಲೀಜೋ ಅದಕ್ಕೆ."

ಏಣಿಯ ಮೇಲಿಂದ ಕೊಳದ ಕಡೆ ನೋಡಿದೆ. ಗಲೀಜು ಯಾವುದು ಎಂಬುದರಲ್ಲಿ ಅನುಮಾನವೇ ಉಳಿಯಲಿಲ್ಲ. ಎತ್ವವನ್ನು ಕೊಳಕ್ಕೇ ಕೊಟ್ಟೆ.

ಉದ್ಘಾಟನೆಯ ದಿನ ಅಧ್ಯಕ್ಷರು ಪರದೆ ಸರಿಸಿ ಗಟ್ಟಿಯಾಗಿ ಓದಿದರು: "ಕೊಳ ತೆಗೆಯಿರಿ, ಕೊಳೆ ಉಳಿಸಿರಿ."

ಸಭೆ ಸ್ವಲ್ಪ ಹೊತ್ತು ಕೆಮ್ಮಿತು. ಅಧ್ಯಕ್ಷರು ಇನ್ನೊಮ್ಮೆ, ಈ ಸಲ ಸವಿದು ಸವಿದು ಓದಿದರು. ಅವರ ಮುಖ ಅರಳಿತು. ಅಧ್ಯಕ್ಷರು ಓದಿದ್ದು ತಪ್ಪಾಗಿರಲು ಸಮಿತಿಯ ನಿಯಮಗಳಲ್ಲಿ ಅವಕಾಶವಿಲ್ಲದ್ದರಿಂದ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನನ್ನ ಅಕ್ಷರಕ್ಕೆ ಅದುವರೆಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ.

ಕೊಳ ತೆಗೆಯುವ ಕೆಲಸ ಚುರುಕಾಗಿ ನಡೆಯಿತು. ಲಾರಿಗಳು ಮಣ್ಣು ತಂದು ಸುರಿದವು. ಕೊಳವೆಯ ಬಾಯಿ ಇರುವ ಮೂಲೆಯಲ್ಲಿ ನೇರಳೆ ಕೆಸರನ್ನು ಹಾಗೇ ಬಿಟ್ಟು, ಸುತ್ತ ಬೇಲಿ ಹಾಕಿ, 'ಸಂರಕ್ಷಿತ ಕೊಳೆ ವಲಯ' ಎಂದು ಘೋಷಿಸಲಾಯಿತು. ಕೊಳವೆಯನ್ನು ವಲಯದ ಮಹಾಪೋಷಕ ಎಂದು ಗುರುತಿಸಲಾಯಿತು. ಜೊತೆಗೊಂದು ಪ್ರಕಟಣೆ ಹೊರಬಿತ್ತು:

'ಕೊಳೆಯನ್ನು ಕದಡುವುದು, ಕೆರೆಯುವುದು, ಕೊಳೆಯ ಸಮ್ಮುಖದಲ್ಲಿ ಮೂಗು ಮುಚ್ಚಿಕೊಳ್ಳುವುದು ನಿಷಿದ್ಧ. ಯಾವುದೇ ವಸ್ತುವಿನಿಂದ ಕೊಳೆ ತೆಗೆಯುವುದು ಅಪರಾಧ.'

ಅಕ್ಕ ಬೀದಿ ನಲ್ಲಿಯ ಕೆಳಗೆ ಬಟ್ಟೆ ಒಗೆಯುತ್ತಿದ್ದಾಗ ಕಾರ್ಯದರ್ಶಿ ಬಂದ.

"ಏನಮ್ಮಾ ಮಾಡ್ತಿದ್ದೀರಿ?"

"ಕಾಣಲ್ವಾ? ಕೊಳೆ ತೆಗೀತಿದ್ದೀನಿ."

"ನೀವೇ ಒಪ್ಕೊಂಡ್ರಲ್ಲ, ನನ್ನ ಕೆಲಸ ಹಗುರ ಆಯ್ತು," ಎಂದು ಬಕೆಟ್ಟನ್ನು ಜಪ್ತಿ ಮಾಡಿದ. "ಕಾಲರಿನ ಮೇಲಿರೋದೂ ಕೊಳೆನೇ. ಅದಕ್ಕೂ ರಕ್ಷಣೆ ಇದೆ."

"ನನ್ನ ಹೊಟ್ಟೆಪಾಡು?"

"ನಿಯಮದಲ್ಲಿ ಹೊಟ್ಟೆ ಬಂದಿಲ್ಲಮ್ಮ."

ನಾನು ಆಗಲೇ ಚೀಲ ಹೆಗಲಿಗೇರಿಸಿ ಹಿತ್ತಿಲ ಬಾಗಿಲ ಹತ್ತಿರ ಇದ್ದೆ. ಅಕ್ಕ ಒದ್ದೆ ಕೈಯಲ್ಲೇ ಬಂದು ಅಡ್ಡ ನಿಂತಳು.

"ಎಲ್ಲಿಗೋ ಮಹಾರಾಯ?"

"ಮುಂದಿನೂರಲ್ಲಿ ನದಿ ಉಳಿಸ್ತಾರಂತೆ. ಬೋರ್ಡು ಬರೆಯೋರು ಬೇಕಂತೆ."

"ಆ ನದಿ ನಿನಗೇನು ಮಾಡಿತ್ತೋ? ಚೀಲ ಇಳಿಸು. ನಾನು ಹೇಳಿದ್ದು ಬರಿ. ಎತ್ವ ಎಲ್ಲಿ ಅಂತ ನಾನು ತೋರಿಸ್ತೀನಿ."

ಅವಳು ಪಕ್ಕದಲ್ಲೇ ನಿಂತು, ಪ್ರತಿ ಎತ್ವದ ಜಾಗಕ್ಕೂ ಬೆರಳಿಟ್ಟು ಬರೆಸಿದಳು: 'ಇಲ್ಲಿ ಕೊಳೆ ತೆಗೆಯುವುದಿಲ್ಲ. ಬಟ್ಟೆಯಲ್ಲಿ ನಿರ್ಗತಿಕವಾಗಿರುವ ಕೊಳೆಯನ್ನು ಸಂರಕ್ಷಿತ ವಲಯಕ್ಕೆ ಸುರಕ್ಷಿತವಾಗಿ ತಲುಪಿಸಲಾಗುವುದು.'

ಕಾರ್ಯದರ್ಶಿ ಬಂದು ಓದಿದ. ತಪ್ಪು ಹುಡುಕಿದ. ಅಧ್ಯಕ್ಷರಿಗೆ ಫೋನು ಹಚ್ಚಿ ಪೂರ್ತಿ ಓದಿ ಹೇಳಿದ. ಆಮೇಲೆ "ಕ್ರಮಬದ್ಧವಾಗಿದೆ" ಎಂದು ಬಕೆಟ್ಟು ವಾಪಸು ಕೊಟ್ಟು, ಅಲ್ಲೇ ತನ್ನ ಅಂಗಿ ಬಿಚ್ಚಿ ಅಕ್ಕನ ಕೈಗಿತ್ತ.

"ಕಾಲರಿನ ಹತ್ರ ಸ್ವಲ್ಪ ಜಾಸ್ತಿನೇ ಇದೆ. ಜೋಪಾನವಾಗಿ ತಲುಪಿಸಿ."

ಈಗ ಅಕ್ಕನಿಗೆ ಕೈತುಂಬ ಕೆಲಸ. ಒಗೆದ ನೀರನ್ನು ಹೊತ್ತು ಬೇಲಿಯಾಚೆ ಸುರಿದು ಬರುವ ಹುದ್ದೆ ನನ್ನದು. ಹೀಗಾಗಿ ನಾನು ಎಲ್ಲಿಗೂ ಹೋಗುವಂತಿಲ್ಲ. ದಾರಿಯಲ್ಲಿ ಜನ ಬಕೆಟ್ಟು ಕಂಡು ಗೌರವದಿಂದ ಪಕ್ಕಕ್ಕೆ ಸರಿಯುತ್ತಾರೆ.

"ಹೇಗಿದೆಯಪ್ಪ ಕೊಳೆ?" ಎಂದು ವಿಚಾರಿಸುತ್ತಾರೆ.

"ನಿಮ್ಮೆಲ್ಲರ ಸಹಕಾರ, ಚೆನ್ನಾಗಿದೆ," ಎನ್ನುತ್ತೇನೆ.