ಸಮುದ್ರ ಕೆಳಗಿಲ್ಲ, ಮೇಲಿದೆ

ನಮ್ಮ ಬಯಲುಸೀಮೆಯವರಿಗೆ ಒಂದು ಸೌಕರ್ಯವಿದೆ. ಎಲ್ಲಿಗೆ ಹೋಗಬೇಕೋ ಅದು ಹೊರಟ ಕಡೆಯಿಂದಲೇ ಹೆಚ್ಚುಕಡಿಮೆ ಕಾಣುತ್ತದೆ. ಚಳ್ಳಕೆರೆಯಲ್ಲಿ ನಮ್ಮ ಬೀದಿಯ ತುದಿಗೆ ನಿಂತರೆ ಶೇಂಗಾ ಎಣ್ಣೆ ಮಿಲ್ಲು ಕಾಣುತ್ತದೆ. ನನ್ನ ಗಂಡ ಅಲ್ಲಿಂದ ಊಟಕ್ಕೆ ಹೊರಟರೆ ಅವರೂ ಕಾಣುತ್ತಾರೆ. ಅವರು ಮನೆ ಮುಟ್ಟುವುದರೊಳಗೆ ಮುದ್ದೆ ಕಟ್ಟಿ ತಟ್ಟೆಗೆ ಹಾಕಿಬಿಡಬಹುದು. ನನ್ನ ತವರು ಮೊಳಕಾಲ್ಮೂರಿನಲ್ಲಿ ಗುಡ್ಡಗಳಿವೆ, ನಿಜ. ಆದರೆ ಅಲ್ಲಿ ಗುಡ್ಡ ಗುಡ್ಡದ ಪಾಡಿಗಿರುತ್ತದೆ, ರಸ್ತೆ ರಸ್ತೆಯ ಪಾಡಿಗೆ. ರಸ್ತೆಯೇ ಗುಡ್ಡವಾಗಿರುವ ಊರೂ ಉಂಟೆಂದು ತಿಳಿದದ್ದು ಮಂಗಳೂರಿನಲ್ಲಿ. ಅದೂ ಮೊದಲು ನನ್ನ ಮಂಡಿಗಳಿಗೆ ತಿಳಿಯಿತು, ನನಗೆ ಆಮೇಲೆ.

ಮೊಬೈಲು ಇನ್ನೂ ನಮ್ಮಂಥವರ ಕೈಗೆ ಬಂದಿರಲಿಲ್ಲ. ತಂಗಿಯ ಗಂಡನಿಗೆ ಕಣ್ಣೂರಿಗೆ ವರ್ಗವಾಗಿ, ಅಲ್ಲೇ ಮಗುವಿನ ನಾಮಕರಣ ಇಟ್ಟುಕೊಂಡಿದ್ದರು. ಮಿಲ್ಲಿನಲ್ಲಿ ಸುಗ್ಗಿಯ ಗಡಿಬಿಡಿ, ಹಾಗಾಗಿ ನನ್ನ ಯಜಮಾನರಿಗೆ ಬರಲಾಗಲಿಲ್ಲ. ರಾತ್ರಿ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ, ಮಧ್ಯಾಹ್ನದ ನಂತರ ಕಣ್ಣೂರಿನ ರೈಲು ಹಿಡಿಯಬೇಕು. ಬಸ್ಸು ಹತ್ತಿಸುವಾಗ ಅವರು ಕಿಟಕಿಯ ಹತ್ತಿರ ಬಂದು ಹೇಳಿದರು: "ರೈಲು ಬರೋಗಂಟ ಹೆಂಗಸರ ರೂಮಿನಾಗೇ ಕುಂತಿರು. ಎಲ್ಲೂ ಹೋಗ್ಬ್ಯಾಡ. ನಿಂಗೆ ನಮ್ಮ ಸಂತೆಯಾಗೇ ದಾರಿ ತಪ್ಪತೈತೆ." ಅಕ್ಕಪಕ್ಕದ ಸೀಟಿನವರೆಲ್ಲ ನನ್ನ ಮುಖ ನೋಡಿದರು.

ಬೆಳಿಗ್ಗೆ ಮಂಗಳೂರಿನ ಸ್ಟೇಷನ್ನಿನಲ್ಲಿ ಸ್ನಾನ ಮಾಡಿ, ಅವ್ವ ಕೊಟ್ಟಿದ್ದ ರೇಷ್ಮೆ ಸೀರೆ ಉಟ್ಟೆ. ಅವಳೇ ಮನೆಯ ಮಗ್ಗದಲ್ಲಿ ನೇಯ್ದದ್ದು. ಬೀಗರು ಕಣ್ಣೂರಿನ ಸ್ಟೇಷನ್ನಿಗೇ ಬರುತ್ತಾರೆ, ಹತ್ತಿ ಸೀರೆಯಲ್ಲಿ ಇಳಿದು ಮಾನ ಕಳೀಬೇಡ ಎಂದು ಅವಳ ತಾಕೀತು. ಉಟ್ಟು ಕೂತೆ. ಕೂತೇ ಇದ್ದೆ. ಗೋಡೆಯ ಮೇಲಿದ್ದದ್ದನ್ನೆಲ್ಲ ಓದಿ ಮುಗಿಯಿತು. ಆಗ ಅನ್ನಿಸಿತು: ಶಾಲೆಯಲ್ಲಿ ಎಷ್ಟೋ ವರ್ಷಗಳಿಂದ ಮಕ್ಕಳಿಗೆ ಸಮುದ್ರದ ಪಾಠ ಮಾಡುತ್ತಿರುವ ಟೀಚರಮ್ಮ ನಾನು. ಭರತ, ಇಳಿತ, ಅಲೆ ಎಲ್ಲ ಬಾಯಿಪಾಠ. ಸಮುದ್ರವನ್ನು ಮಾತ್ರ ನೋಡಿದವಳಲ್ಲ. ಅದು ಇದೇ ಊರಿನಲ್ಲಿ ಎಲ್ಲೋ ಇದೆ, ನಾನು ಇಲ್ಲಿ ಫ್ಯಾನು ನೋಡುತ್ತ ಕೂತಿದ್ದೇನೆ. ಚೀಲಗಳನ್ನು ಸಾಮಾನು ಕೋಣೆಯಲ್ಲಿ ಇಟ್ಟು ಹೊರಬಿದ್ದೆ. ಹುಟ್ಟಿದಂದಿನಿಂದ ಯಾವ ಊರಿನಲ್ಲೂ ಒಬ್ಬಳೇ, ಕೆಲಸವಿಲ್ಲದೆ, ನಡೆದವಳಲ್ಲ ನಾನು.

ಸಮುದ್ರವೆಂದರೆ ನೀರು, ನೀರೆಂದರೆ ತಗ್ಗಿನಲ್ಲಿರಬೇಕು. ಈ ತರ್ಕದ ಮೇಲೆ ಇಳಿಜಾರು ಕಂಡ ಕಡೆಯೆಲ್ಲ ಇಳಿದೆ. ಕಾಲು ತಾನಾಗಿಯೇ ಓಡುತ್ತಿತ್ತು. ಇಳಿದದ್ದನ್ನೆಲ್ಲ ವಾಪಸ್ಸು ಹತ್ತಬೇಕೆಂಬುದು ಹೊಳೆಯಲಿಲ್ಲ. ಕೊನೆಗೆ ಮೀನಿನ ವಾಸನೆ ಬಂತು, ದೋಣಿಗಳು ಬಂದವು, ಅವುಗಳ ಹಿಂದೆ ಅಗಲವಾದ ನೀರು. ನಾನು ಸೆರಗು ಹೊದ್ದು ಕೈ ಮುಗಿದೆ. ಪಕ್ಕದಲ್ಲಿ ಬಲೆ ಸರಿಮಾಡುತ್ತಿದ್ದವರೊಬ್ಬರು ನನ್ನ ಭಕ್ತಿ ಮುಗಿಯುವವರೆಗೂ ಕಾದು, ಅದು ಹೊಳೆಯೆಂದು ತಿಳಿಸಿದರು. ನಾನು ನಂಬಲಿಲ್ಲ. ನಮ್ಮ ಕಡೆ ಹೊಳೆಯೆಂದರೆ ಮರಳು. ನೀರಿರುವ ಹೊಳೆಯೇ ಅಪರೂಪ, ಅದು ಇಷ್ಟು ಅಗಲ ಇರುವುದೆಂದರೇನು? "ಹಂಗಾದ್ರೆ ಸಮುದ್ರ ಎಲ್ಲೈತ್ರಿ?" ಎಂದೆ. ಅವರು ನಾನು ಇಳಿದುಬಂದ ಕಡೆಗೇ ಕೈ ತೋರಿಸಿದರು. "ಸಮುದ್ರ ನೋಡ್ಲಿಕ್ಕೆ ಕೆಳಗೆ ಯಾಕೆ ಬಂದದ್ದು ನೀವು? ಗುಡ್ಡದ ಮೇಲೆ ಹೋಗ್ಬೇಕು. ಅಲ್ಲಿಂದ ಕಾಣ್ತದೆ."

ಹತ್ತತೊಡಗಿದೆ. ಒಂದು ತಿರುವು ಮುಗಿದರೆ ಇನ್ನೊಂದು ಏರು. ರೇಷ್ಮೆ ಸೀರೆ ಒಂದೊಂದು ಹೆಜ್ಜೆಗೂ ಒಂದೊಂದು ಸೇರು ತೂಕ ಹೆಚ್ಚಿಸಿಕೊಳ್ಳುತ್ತಿತ್ತು. ಹತ್ತಿರದ ದಾರಿಯೆಂದು ಒಂದು ಓಣಿ ಹೊಕ್ಕರೆ ಅದು ಯಾರದೋ ಅಂಗಳದಲ್ಲಿ ಮುಗಿಯಿತು. ಚಾಪೆಯ ಮೇಲೆ ಹಲಸಿನ ಹಪ್ಪಳ ಒಣಹಾಕುತ್ತಿದ್ದ ಹಿರಿಯ ಹೆಂಗಸು ತಲೆಯೆತ್ತಿ, ಎಂತ ಬೇಕಿತ್ತು ಎಂದು ಕೇಳಿದರು. ನನಗೆ ಉಸಿರೇ ಸಾಲದು. ನೀರು ಕೊಟ್ಟರು, ಕೂರಿಸಿದರು, ಯಾವ ಊರೆಂದರು. ಮೊಳಕಾಲ್ಮೂರು ಎಂದೆ. ರೇಷ್ಮೆ ಸೀರೆಗೆ ಹೆಸರಾದ ಊರು ಅದು; ಚಳ್ಳಕೆರೆ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ನನ್ನ ಸೀರೆ ನೋಡಿದರು, ಬೇಲಿಯ ಆಚೆಗೆ ಕೂಗಿದರು. ಸೀರೆ ಮಾರುವವಳು ಬಂದಿದ್ದಾಳೆಂದು ಅಕ್ಕಪಕ್ಕದ ಇಬ್ಬರು ಕೈ ಒರೆಸಿಕೊಳ್ಳುತ್ತ ಬಂದೇಬಿಟ್ಟರು.

ಗಂಟು ಎಲ್ಲಿ ಎಂದು ಕೇಳಿದಾಗ ನಾನು ನಿಜ ಹೇಳಿದೆ: ನಾನು ಟೀಚರು, ಉಟ್ಟಿರುವುದೊಂದೇ ಸೀರೆ, ಅವ್ವ ನೇಯ್ದದ್ದು, ಕಣ್ಣೂರಿನ ರೈಲಿಗೆ ಮೊದಲು ಸಮುದ್ರ ನೋಡಲು ಹೊರಟಿದ್ದೇನೆ. ಆಮೇಲೆ ಹಿರಿಯಾಕೆ, ಹಾಗಾದರೆ ಉಟ್ಟದ್ದನ್ನೇ ತೋರಿಸಿ ಎಂದರು. ಅಂಗಳದ ನಡುವೆ ನಿಂತು ಸೆರಗು ಬಿಡಿಸಿ ಹಿಡಿದೆ, ತಿರುಗಿ ಎಂದಾಗ ತಿರುಗಿದೆ. ಅಂಚು ಮುಟ್ಟಿ ನೋಡಿದರು. ನಿಮ್ಮ ತಾಯಿಗೆ ಒಳ್ಳೆ ಕೈಯುಂಟು ಎಂದರು. ನನ್ನ ಕಣ್ಣು ಯಾಕೋ ತುಂಬಿತು. ಮಗ್ಗದ ಸದ್ದು ತಲೆನೋವೆಂದು ಗೊಣಗುತ್ತಲೇ ಬೆಳೆದವಳು ನಾನು. ಅವ್ವನ ಸೀರೆಯನ್ನು ಇಷ್ಟು ಹೊತ್ತು ನಿಂತು ನಾನೇ ನೋಡಿರಲಿಲ್ಲ.

ಹಿರಿಯಾಕೆ ಹಪ್ಪಳದ ಕಾವಲನ್ನು ಪಕ್ಕದವರಿಗೆ ಒಪ್ಪಿಸಿ, ಹಿತ್ತಿಲಿನ ಮೆಟ್ಟಿಲುಗಳಲ್ಲಿ ನನ್ನ ಮುಂದೆ ಮುಂದೆ ಹತ್ತಿದರು. ವಯಸ್ಸಿನಲ್ಲಿ ಅವ್ವನಷ್ಟಿದ್ದರೂ ಅವರಿಗೆ ಏದುಸಿರಿಲ್ಲ. ಗುಡ್ಡದ ನೆತ್ತಿಯಲ್ಲಿ ನಿಂತು, "ಅಗೋ" ಎಂದರು. ತೆಂಗಿನ ತಲೆಗಳು, ಹೆಂಚಿನ ಮಾಡುಗಳು, ಕೆಳಗೆ ನಾನು ಕೈ ಮುಗಿದ ಹೊಳೆ, ಅದರಾಚೆ ಆಕಾಶ. "ಎಲ್ಲಮ್ಮಾ?" ಎಂದೆ. "ನೀವು ಆಕಾಶ ಅಂತ ನೋಡ್ತಾ ಇರುವುದೇ ಸಮುದ್ರ," ಎಂದರು. ಆಕಾಶದ ಕೆಳಗಿನ ಅರ್ಧ ಮೆಲ್ಲಗೆ ಮಿನುಗಿತು. ನಾನು ನೋಡುತ್ತಲೇ ನಿಂತೆ. ಬಹಳ ಹೊತ್ತಿನ ಮೇಲೆ, ನಿಮಗೆ ರೈಲಿಲ್ಲವಾ ಎಂದು ಕೇಳಿದರು.

ಇಳಿಜಾರಿನಲ್ಲಿ ನೆರಿಗೆ ಎತ್ತಿಹಿಡಿದು ಓಡಿದ ಟೀಚರನ್ನು ಮಂಗಳೂರು ಅಂದು ನೋಡಿತು. ರೈಲು ಸಿಕ್ಕಿತು. ಕಣ್ಣೂರಿನಲ್ಲಿ ಬೀಗರು, ಸ್ಟೇಷನ್ನಿನಲ್ಲಿ ಕೂತು ಬೇಸರವಾಯಿತೇನೋ ಎಂದು ಮರುಗಿದರು. ಹೌದು, ಸ್ವಲ್ಪ ಎಂದೆ.

ಮರುದಿನ ಸಂಜೆ ತಂಗಿಯ ಗಂಡ ನಮ್ಮನ್ನೆಲ್ಲ ಕಡಲತೀರಕ್ಕೆ ಕರೆದುಕೊಂಡು ಹೋದರು. ಬಯಲುಸೀಮೆಯ ಅತ್ತಿಗೆ ಮೊದಲ ಸಲ ಸಮುದ್ರ ಕಂಡು ಹೇಗೆ ಬೆರಗಾಗುತ್ತಾರೆಂದು ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಒಳಗೊಳಗೇ ನಕ್ಕೆ. ಒಂದು ಇಡೀ ಊರನ್ನು ಒಬ್ಬಳೇ ಹತ್ತಿಳಿದು ನಿನ್ನೆಯೇ ನೋಡಿದವಳು ನಾನು, ಇವರ ಸಂತೋಷಕ್ಕೆ ಒಂದಿಷ್ಟು ಕಣ್ಣರಳಿಸಿದರಾಯಿತು ಎಂದುಕೊಂಡು ಗತ್ತಿನಿಂದ ನೀರಿನ ಹತ್ತಿರ ನಿಂತೆ. ಅಷ್ಟರಲ್ಲಿ ಪಾದ ಮುಚ್ಚುವಷ್ಟು ಎತ್ತರದ ಒಂದು ಅಲೆ ಬಂದು ಕಾಲ ಕೆಳಗಿನ ಮರಳನ್ನು ಎಳೆಯಿತು. ನಾನು "ಅವ್ವಾ" ಎಂದು ಕಿರುಚಿ, ಬಾಣಂತಿ ತಂಗಿಯನ್ನೂ ದಾಟಿ, ರಸ್ತೆಯವರೆಗೂ ಓಡಿದೆ.