ಖಾಲಿ ಸೀಟಿನ ಪಾಪ

ನನ್ನ ಸೋದರಮಾವ ಹತ್ತಿದ ಕ್ಯಾಬು ಕ್ಯಾಬಾಗಿ ಉಳಿಯುವುದಿಲ್ಲ, ಧರ್ಮಛತ್ರವಾಗುತ್ತದೆ! ದೊಡ್ಡಬಳ್ಳಾಪುರದಲ್ಲಿ ಆಯುಷ್ಯವೆಲ್ಲ ಪವರ್‌ಲೂಮ್ ಓಡಿಸಿದ ಈ ಮಹಾನುಭಾವರ ಪ್ರಕಾರ ಲೋಕದಲ್ಲಿ ಮಹಾಪಾಪ ಒಂದೇ: ಖಾಲಿ ಸೀಟು. "ಮಗ್ಗದಲ್ಲಿ ಎಳೆ ಬಿಟ್ರೆ ಸೀರೆ ಆಗುತ್ತೇನೋ? ಒಬ್ಬನಿಗೊಂದು ಕಾರು ಅಂದ್ರೆ ರೋಡು ಎಲ್ಲಿಂದ ತರ್ತೀಯ?" ಎಂದು ಗದರಿ, ಬಸ್ ಸ್ಟಾಪು ಕಂಡೊಡನೆ ಕಿಟಕಿಯಿಂದ ಕತ್ತು ಚಾಚಿ ಜನರನ್ನು ಕೂಗುತ್ತಾರೆ. ಲೂಮಿನ ಸದ್ದನ್ನು ಸೋಲಿಸಿದ ಗಂಟಲು. ಪಕ್ಕದ ಊರಿನವರೂ ಓಡಿಬಂದರೆ ಆಶ್ಚರ್ಯವೇನು?

ಮೊನ್ನೆ ದೇವನಹಳ್ಳಿಯಲ್ಲಿ ಅತ್ತೆಯ ಕಣ್ಣಿನ ಪೊರೆ ತೆಗೆಸುವುದಿತ್ತು. ಹಿಂದೆ ಎರಡು ಸಲ ಹೆದರಿ ಆಸ್ಪತ್ರೆಯ ಬಾಗಿಲಿನಿಂದಲೇ ಓಡಿಬಂದಿದ್ದರು. ಈ ಸಲ ಅಲ್ಲೇ ಇರುವ ಮಗಳ ಮನೆಗೆ ಹಿಂದಿನ ದಿನವೇ ಹೋಗಿದ್ದರು, ಒಂದು ಷರತ್ತಿನ ಮೇಲೆ: ಮಾವ ಮುಖ ತೋರಿಸಿದರೆ ಮಾತ್ರ ಆಪರೇಷನ್. ಸರದಿ ಹತ್ತೂವರೆಗೆ, ತಪ್ಪಿದರೆ ಮುಂದಿನ ತಿಂಗಳು. ಅಷ್ಟರಲ್ಲಿ ಇನ್ನೊಂದು ಕಣ್ಣೂ ಮಂಜಾಗುತ್ತಿತ್ತು. ಲೂಮಿಗೆ ಹೊಸ ಹಾಸಿನ ನೂಲು ಏರಿಸಿ ಮಾವ ನನ್ನೊಡನೆ ಹೊರಟಾಗ ಒಂಬತ್ತೂವರೆ!

ಊರ ಹೊರಗೆ ಸೊಪ್ಪಿನ ಮೂಟೆಯೊಡನೆ ಅಜ್ಜಿಯೊಬ್ಬಳು ನಿಂತಿದ್ದಳು.

"ನಿಲ್ಸಪ್ಪಾ!"

"ಸಾರ್, ಇದು ಶೇರ್ ಆಟೋ ಅಲ್ಲ," ಎಂದ ಡ್ರೈವರು.

"ಮಾವ, ಇವತ್ತೊಂದಿನ ಬೇಡ!" ಎಂದೆ ನಾನು.

"ಸೀಟು ನಂದು, ಪುಣ್ಯ ನಿಮ್ಮಿಬ್ರದು!"

ಅಜ್ಜಿ, ಮೂಟೆ, ಕೊತ್ತಂಬರಿಯ ಘಮ, ಮೂವರೂ ಹತ್ತಿದರು.

ಮುಂದೆ ಕ್ಯಾಬುಗಳ ಸಾಲು. ಎಲ್ಲ ಏರ್‌ಪೋರ್ಟಿನ ಕಡೆಯವು. ಒಂದೊಂದರಲ್ಲಿ ಒಂದೊಂದೇ ತಲೆ. ಹತ್ತು ನಿಮಿಷ ಚಕ್ರ ಉರುಳಲಿಲ್ಲ. ಅತ್ತೆಯ ಫೋನು ಬಂತು: "ಬರ್ತೀರೋ ಇಲ್ವೋ? ನಾನು ಚಪ್ಪಲಿ ಹಾಕ್ಕೊಂಡೆ." ಅಲ್ಲಿಯವರೆಗೆ ಖಾಲಿ ಸೀಟು ಎಣಿಸುತ್ತಿದ್ದ ಮಾವ ಎಣಿಕೆ ನಿಲ್ಲಿಸಿದರು.

"ಲೇ, ಎಡಕ್ಕೆ ತಿರುಗಿಸ್ಲಾ," ಎಂದಳು ಅಜ್ಜಿ. "ನಮ್ಮೂರ ಕೆರೆ ಏರಿ ಮ್ಯಾಲೆ ಹೋದ್ರೆ ಸೀದಾ ದೇವನಹಳ್ಳಿ."

"ಮ್ಯಾಪಲ್ಲಿ ಆ ದಾರೀನೇ ಇಲ್ಲ ಅಜ್ಜಿ!"

"ನಿನ್ ಮ್ಯಾಪು ಯಾವತ್ತು ಸೊಪ್ಪು ಮಾರಕ್ಕೋಗಿತ್ತು?"

ಕೆರೆ ಏರಿ ದಾಟಿ, ದಾರಿಯಲ್ಲಿ ಅಜ್ಜಿಯನ್ನು ಇಳಿಸಿ, ಹತ್ತೂವರೆಗೆ ಎರಡು ನಿಮಿಷವಿದ್ದಾಗ ಆಸ್ಪತ್ರೆ. ಅತ್ತೆ ಗೇಟಿನಲ್ಲೇ ಇದ್ದರು, ಮಗಳು ಸೆರಗು ಹಿಡಿದು ನಿಂತಿದ್ದಳು. "ಬಂದ್ನಲ್ಲೇ," ಎಂದರು ಮಾವ. ಅತ್ತೆ ಚಪ್ಪಲಿ ಬಿಚ್ಚಿ ಅವರ ಕೈಗಿತ್ತು ಒಳಗೆ ನಡೆದರು.

ಸಂಜೆ ಕರೆದೊಯ್ಯಲು ಅದೇ ಡ್ರೈವರು ತಾನಾಗಿ ಬಂದ. ನಾನು ಅವನ ಪಕ್ಕ, ಹಿಂದೆ ಅವರಿಬ್ಬರು. ಬಸ್ ಸ್ಟಾಪು ಬಂದಾಗ ಪುಣ್ಯಾತ್ಮ ತಾನೇ ನಿಧಾನಿಸಿದ. ಮಾವ 'ಮುಂದೆ ಹೋಗು' ಎಂದು ಕೈಸನ್ನೆ ಮಾಡಿದರು.

ಮಾವನ ಹೆಗಲಿಗೆ ತಲೆಯಿಟ್ಟು ಕಣ್ಣು ಮುಚ್ಚಿದ್ದ ಅತ್ತೆ ಕೇಳಿದರು: "ಏನ್ರೀ, ಇವತ್ತು ಯಾರನ್ನೂ ಕೂಗ್ಲಿಲ್ಲ? ಸೀಟ್ ಖಾಲಿ ಇಲ್ವಾ?"

"ಎಲ್ಲಿ ಕಣೇ, ಫುಲ್ಲಾಗಿದೆ. ಸುಮ್ನೆ ಮಲಕ್ಕೋ."

ತಿರುಗಿ ನೋಡಿದೆ. ಮಾವನ ಪಕ್ಕದ ಸೀಟಿನಲ್ಲಿ ಬೆಳಗಿನ ಕೊತ್ತಂಬರಿಯ ನಾಲ್ಕು ಎಲೆಗಳು ಮಾತ್ರ ಕುಳಿತಿದ್ದವು.